ಸ್ಟೋವಿಗೆ ಹೇಳಿದ್ದು

ಅಪ್ಪನ ಎಡಗಾಲಿನ ಬೂಟಿನ ಪಾಲಿಶ್ ಮುಗಿದಿತ್ತು. ಬಲಗಾಲಿನದಕ್ಕೆ ಬ್ರಷ್ ಉಜ್ಜುತ್ತಲೇ ಮಗಳು, ಆ ಒಂದು ಸಾಲು ಬಿಟ್ಟು ಮಿಕ್ಕಿದ್ದನ್ನೆಲ್ಲ ಓದುತ್ತೇನೆ ಎಂದು ಮತ್ತೊಮ್ಮೆ ಹೇಳಿದಳು.

ಕ್ಯಾಪ್ಟನ್ ಹಿಂಬಾಗಿಲ ಮೆಟ್ಟಿಲಿನ ಮೇಲೆ, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಇಸ್ತ್ರಿಯ ಗೆರೆ ಕೆಡದಂತೆ ಪ್ಯಾಂಟನ್ನು ಮಂಡಿಯ ಬಳಿ ಚಿವುಟಿ ಹಿಡಿದು ಕೂತಿದ್ದ. ಇನ್ನೊಂದು ಕೈಯಲ್ಲಿ ಟೈಪು ಮಾಡಿದ ಹಾಳೆ, ಅದರ ಕೆಳಗೆ ನೇರಳೆ ಬಣ್ಣದ ಮೊಹರು. ಘಟಕದಲ್ಲಿ ಹಿಂದಿನಿಂದ ನಡೆದುಬಂದದ್ದು ಹಾಗೆ. ತೀರಿಕೊಂಡ ಸೈನಿಕನ ಮಗನೋ ಮಗಳೋ ಸೈನ್ಯದಲ್ಲೇ ಇದ್ದರೆ ವಿದಾಯದ ಮಾತನ್ನು ಅವರೇ ಸಮವಸ್ತ್ರದಲ್ಲಿ ನಿಂತು ಓದಬೇಕು. ಮಾತು ಮಾತ್ರ ಕಚೇರಿಯಿಂದ ಬರುತ್ತದೆ. ಒಳಗೆ ಮಲಗಿದ್ದ ಅಪ್ಪ ಅದೇ ಘಟಕದ ವರ್ಕ್‌ಶಾಪಿನಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದವನು. ಮಗಳು ಈಗ ಅಲ್ಲೇ ಲಾರಿ ಓಡಿಸುತ್ತಾಳೆ.

ತಕರಾರು ಇದ್ದದ್ದು ನಡುವಿನ ಒಂದು ಸಾಲಿನ ಬಗ್ಗೆ. ‘ತಮ್ಮ ಸುದೀರ್ಘ ಸೇವೆಯಲ್ಲಿ ಇವರು ಒಂದು ದಿನವಾದರೂ ದೂರು ಹೇಳಲು ಬಾಯಿ ತೆರೆದವರಲ್ಲ.’

“ಅದನ್ನ ನಾನೇ ಬರೆದದ್ದು,” ಎಂದ ಕ್ಯಾಪ್ಟನ್. “ಹೊಗಳಿಕೆ ಅಂದ್ಕೊಂಡು ಬರೆದೆ.”

“ಗೊತ್ತು ಸರ್. ತೆಗೆದುಬಿಡಿ ಸರ್.”

ತೆಗೆಯುವುದು ತನ್ನ ಕೈಯಲ್ಲಿಲ್ಲ ಎಂದು ಅವನು ಬೇಸರದಿಂದಲೇ ವಿವರಿಸಿದ. ಬರೆಯುವ ತನಕ ಅದು ತನ್ನದಾಗಿತ್ತು, ಮೊಹರು ಬಿದ್ದ ಮೇಲೆ ಕಚೇರಿಯದಾಯಿತು. ಸಾಲು ಸೇರಿಸುವುದಕ್ಕೆ ಒಪ್ಪಿಗೆ ಬೇಕಾದ ಹಾಗೆ ಬಿಡುವುದಕ್ಕೂ ಬೇಕು. ಒಪ್ಪಿಗೆ ಕೊಡಬೇಕಾದ ಮೇಜರ್ ರಜೆಯಲ್ಲಿದ್ದಾರೆ. ಅವರ ಜಾಗದಲ್ಲಿರುವವರು, ತಾನು ಬದಲಿಗೆ ಬಂದವನು ಎಂಬ ಕಾರಣಕ್ಕೆ, ಹೊಸದಾಗಿ ಯಾವುದಕ್ಕೂ ಸಹಿ ಹಾಕುವುದಿಲ್ಲ. ಹಾಗಾದರೆ ಸಮವಸ್ತ್ರವೇ ಬೇಡ, ಮನೆಯ ಬಟ್ಟೆಯಲ್ಲಿ ನಿಂತು ಅಪ್ಪನ ಬಗ್ಗೆ ನನ್ನದೇ ನಾಲ್ಕು ಮಾತು ಆಡುತ್ತೇನೆ ಎಂದಳು ಅವಳು. ಬಟ್ಟೆ ಬದಲಾಯಿಸಿದ ಮಾತ್ರಕ್ಕೆ ನೌಕರಿ ಬಿಟ್ಟ ಹಾಗಾಗುವುದಿಲ್ಲ, ವರ್ಕ್‌ಶಾಪಿನ ವಿಷಯ ಹೊರಗಿನ ಯಾವ ವ್ಯಕ್ತಿಯ ಮುಂದೆ ಬಂದರೂ ಮೊದಲು ನಿನ್ನನ್ನು, ಆಮೇಲೆ ನನ್ನನ್ನು ಕರೆಸುತ್ತಾರೆ ಎಂದ ಅವನು.

“ಒಂದು ಸಾಲಿಗೆ ಯಾಕಿಷ್ಟು ಹಟ ನಿಮ್ಗೆ?”

“ಒಳಗೆ ಒಬ್ರು ಕೂತಿದಾರೆ ಸರ್. ಅವರ ಮುಂದೆ ಅದನ್ನ ಓದೋಕಾಗಲ್ಲ.”

“ಯಾರು? ಯಾಕೆ?”

ಅವಳು ಬೂಟನ್ನು ಬೆಳಕಿಗೆ ಹಿಡಿದು ನೋಡಿದಳು. “ಅದನ್ನ ಹೇಳೋ ಹಾಗಿಲ್ಲ ಸರ್.”

ಕ್ಯಾಪ್ಟನ್‌ಗೆ ನಗು ಬಂತು. ಸಾವಿನ ಮನೆಯೆಂದು ನೆನಪಾಗಿ ಅದನ್ನು ಅಲ್ಲೇ ನುಂಗಿಕೊಂಡು, ಫೋನ್ ಸಿಗುತ್ತದೇನೋ ನೋಡುತ್ತೇನೆಂದು ತಾರಸಿಗೆ ಹೋದ.

ಮುಂದಿನ ಕೋಣೆಯಲ್ಲಿ ಟೈಲರಮ್ಮ ಅಪ್ಪನ ಮೇಲೆ ಬಾಗಿದ್ದಳು. ಕಾಯಿಲೆಯಲ್ಲಿ ಅವನು ಅರ್ಧಕ್ಕರ್ಧ ಇಳಿದುಹೋಗಿದ್ದ. ಬೆಳಿಗ್ಗೆ ತೊಡಿಸಿದ ಸಮವಸ್ತ್ರದ ಕೋಟು ಎರಡೂ ಬದಿಗೆ ಮಡಿಕೆ ಬಿದ್ದು ಚೀಲದ ಹಾಗೆ ಕಾಣುತ್ತಿತ್ತು. ಯಾರೂ ಹೇಳಿಕಳಿಸದೆಯೇ ಅವಳು ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದಳು. ಶಿಬಿರದ ಗೇಟಿನ ಎದುರು ಅವಳ ಹೊಲಿಗೆ ಅಂಗಡಿ. ಅರ್ಧ ಘಟಕದ ಬಟ್ಟೆ ಅವಳ ಕೈ ದಾಟಿಯೇ ಮೈಗೆ ಕೂರುವುದು. ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಕೋಟಿನ ಬದಿಗೆ ಚುಚ್ಚುತ್ತಿದ್ದಳು. ಕೊನೆಯ ಪಿನ್ನು ಬಾಯಿಂದ ಹೊರಬಂದ ಮೇಲೆ ಮಗಳ ಕಡೆ ತಿರುಗಿದಳು.

“ದಿನಾ ನನ್ನ ಅಂಗಡಿ ಮುಂದೇನೇ ಹೋಗ್ತಿದ್ರು ನಿಮ್ಮಪ್ಪ. ಯಾವಾಗ್ಲೂ ಆಚೆ ಬದಿ ಫುಟ್‌ಪಾತು. ಒಂದು ಗುಂಡಿ ಹಾಕಿಸ್ಕೊಳ್ಳೋಕೂ ಈಚೆ ಬರ್ಲಿಲ್ಲ. ಇವತ್ತು ಸಿಕ್ಕಿದಾರೆ ನೋಡು, ಅಳತೆಗೆ.”

ಮಗಳು ಬೂಟುಗಳನ್ನು ಅಪ್ಪನ ಕಾಲಿಗೆ ತೊಡಿಸಿ ಲೇಸು ಬಿಗಿದಳು.

*

ಮಗಳು ಚಿಕ್ಕವಳಿದ್ದಾಗ ಅವರಿದ್ದ ಕ್ವಾರ್ಟರ್ಸಿನ ಮನೆಗೆ ಒಂದೇ ಕೋಣೆ, ಒಂದು ಅಡುಗೆಮನೆ. ಸಂಜೆ ಅಪ್ಪ ವರ್ಕ್‌ಶಾಪಿನಿಂದ ಬಂದು ಕೈ ತೊಳೆದವನೇ ಅಡುಗೆಮನೆಯ ನೆಲದ ಮೇಲೆ ಕೂತು, ಹಿತ್ತಾಳೆಯ ಸೀಮೆಎಣ್ಣೆ ಸ್ಟೋವನ್ನು ಎದುರಿಗೆಳೆದುಕೊಳ್ಳುತ್ತಿದ್ದ. ಕೆಟ್ಟಿರಲಿ, ಕೆಡದಿರಲಿ, ಬರ್ನರ್ ಬಿಚ್ಚುವುದು, ಪಿನ್ನು ಹಾಕಿ ತೂತು ಚೊಕ್ಕ ಮಾಡುವುದು, ಪಂಪಿನ ವಾಷರಿಗೆ ಎಣ್ಣೆ ಬಿಡುವುದು. ಮಾಡುತ್ತ ಮಾಡುತ್ತ ಅದರ ಜೊತೆ ಮಾತು.

“ಏ ಸ್ಟೋವ್, ಕೇಳಿಸ್ಕೋ,” ಎಂದು ಶುರು.

ಅಮ್ಮ ಅವನಿಗೆ ಬೆನ್ನು ಮಾಡಿ ಏನಾದರೂ ಹೆಚ್ಚುತ್ತಿರುತ್ತಿದ್ದಳು. ಮಗಳು ಮೇಜಿನ ಕೆಳಗೆ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಆ ಮನೆಯಲ್ಲಿ ಅವಳ ಕೋಣೆಯೆಂದರೆ ಮೇಜಿನ ಕೆಳಗಿನ ಜಾಗ. ಸೇವೆಯ ವಿಷಯವನ್ನು ಹೊರಗಿನ ಯಾವ ವ್ಯಕ್ತಿಗೂ ಹೇಳುವುದಿಲ್ಲ ಎಂದು ಅಪ್ಪ ಸೇರಿದ ದಿನ ಕೈಯೆತ್ತಿ ಪ್ರಮಾಣ ಮಾಡಿದ್ದ. ಹೆಂಡತಿಯೂ ಹೊರಗಿನವಳೇ ಎಂದು ಆಮೇಲೆ ಬಿಡಿಸಿ ಹೇಳಿದ್ದರು. ಅವನು ಮಾತಿಗೆ ತಪ್ಪುವವನಲ್ಲ. ವರ್ಕ್‌ಶಾಪಿನ ಒಂದು ಸ್ಕ್ರೂ ಕೂಡ ಅವನ ಜೇಬಿನಲ್ಲಿ ಮನೆಗೆ ಬಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ, ದಿನವೆಲ್ಲ ಏನು ಮಾಡಿದಿರಿ ಎಂದು ಅಮ್ಮ ಕೇಳಿದರೆ ಬೆವರುತ್ತಿದ್ದನಂತೆ. ಆಮೇಲೆ ಈ ಉಪಾಯ ಹೊಳೆದಿತ್ತು. ಯಾರು ಮೊದಲು ಕಂಡುಕೊಂಡರು ಎಂದು ಕೇಳಿದರೆ ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು.

ಒಂದು ವರ್ಷ ಸ್ಟೋವಿಗೆ ಸಿಗುತ್ತಿದ್ದ ಸುದ್ದಿಯೆಲ್ಲ ಬ್ರೇಕಿನದು. ಹೊಸದಾಗಿ ಬಂದ, ಚಕ್ರವನ್ನು ಉಜ್ಜಿ ನಿಲ್ಲಿಸುವ ಬ್ರೇಕ್ ಲೈನಿಂಗುಗಳು ಮೆತ್ತಗಾದ ಬಿಸ್ಕತ್ತಿನ ಹಾಗೆ ಕೈಯಲ್ಲೇ ಪುಡಿಯಾಗುತ್ತಿವೆ. ಮೇಲಿನವರಿಗೆ ಹೇಳಿದರೆ, ಹಾಕು, ಸುಮ್ಮನೆ ಹಾಕು ಅನ್ನುತ್ತಾರೆ. ಇನ್ನೊಮ್ಮೆ ಹೇಳಿದರೆ, ನೀನು ಎಂಜಿನಿಯರೋ ಎನ್ನುತ್ತಾರೆ. ಒಂದು ಸಂಜೆ ಅಪ್ಪ ಸ್ಟೋವಿನ ಮುಂದೆ ಕೂತು ಬಹಳ ಹೊತ್ತು ಏನನ್ನೂ ಬಿಚ್ಚಲಿಲ್ಲ. ಅವನ ಗೆಳೆಯ, ಎಲ್ಲರೂ ಕುಳ್ಳ ಎಂದು ಕರೆಯುತ್ತಿದ್ದ ಡ್ರೈವರ್, ಇಳಿಜಾರಿನಲ್ಲಿ ಲಾರಿ ನಿಲ್ಲದೆ ಕಮರಿಗೆ ಬಿದ್ದು ಸತ್ತಿದ್ದ. ಆ ಲಾರಿಯ ಅವಶೇಷವನ್ನು ಬಿಚ್ಚಿದ್ದು ಅಪ್ಪ. ವಿಚಾರಣೆಯವರು ಮಾತ್ರ ಬೇರೆಯದೇ ತೀರ್ಮಾನಕ್ಕೆ ಬಂದರು: ಡ್ರೈವರ್ ನಿದ್ದೆ ಹೋಗಿದ್ದ, ಬ್ರೇಕ್ ತುಳಿದೇ ಇಲ್ಲ. ಗೇಟಿನ ಬಳಿಯ ಕಲ್ಲಿನಲ್ಲಿ ಸತ್ತವರ ಹೆಸರು ಕೆತ್ತುವಾಗ ಕುಳ್ಳನದನ್ನು ಬಿಟ್ಟರು.

ಅಮ್ಮ ಮಾರನೆಯ ವಾರ ಪತ್ರಿಕೆಯವರನ್ನು ಹುಡುಕಿಕೊಂಡು ಹೋದಳು. ಗೇಟಿನ ಮುಂದೆ ನಿಂತು ಲೈನಿಂಗಿನ ಬಗ್ಗೆ ಕೂಗಿದಳು. ಅವಳ ಫೋಟೋ ಬಂತು, ಬಾಯಿ ತೆರೆದದ್ದು. ಕ್ವಾರ್ಟರ್ಸಿನಲ್ಲಿ ಅವಳಿಗೆ ಮೈಕಮ್ಮ ಎಂಬ ಹೆಸರು ಬಿತ್ತು. ಸ್ಕೂಲಿನಲ್ಲಿ ಮಗಳನ್ನು ಸ್ಪೀಕರ್ ಎಂದರು. ಕರ್ನಲ್ ಅಪ್ಪನನ್ನು ಕರೆಸಿ, ಇದನ್ನೆಲ್ಲ ಹೆಂಡತಿಗೆ ಹೇಳಿದ್ದು ನೀನೇನಾ ಎಂದು ಕೇಳಿದರು. ಅಪ್ಪ ಎದೆ ಸೆಟೆದು ನಿಂತು, ನಾನು ಯಾವ ಮನುಷ್ಯರಿಗೂ ಹೇಳಿಲ್ಲ ಸರ್ ಎಂದ. ಅದು ನಿಜವಾಗಿತ್ತು. ಕರ್ನಲ್ ನಂಬಲಿಲ್ಲ, ಸುಳ್ಳೆಂದು ತೋರಿಸಲೂ ಆಗಲಿಲ್ಲ. ಸದ್ದಿಲ್ಲದೆ ಲೈನಿಂಗು ಬದಲಾಯಿತು. ಅಪ್ಪನ ತೋಳಿನ ಎರಡು ಪಟ್ಟಿ ಮಾತ್ರ, ಬಡ್ತಿ ಸಿಗದೆ, ನಿವೃತ್ತಿಯವರೆಗೂ ಎರಡೇ ಆಗಿ ಉಳಿಯಿತು.

*

ಮೆಟ್ಟಿಲ ಕೆಳಗಿನ ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದರು. ಸೋದರಮಾವ ಬಂದದ್ದು ಎಲ್ಲರಿಗೂ ಕೇಳಿಸಿತು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಕೂಗಿ ಕೂಗಿ ನಿವೃತ್ತನಾದವನು ಅವನು. ಈಗ ಮೈಕಿಲ್ಲದಿದ್ದರೂ ಸಾಗುತ್ತಿತ್ತು. ಬಂದವನೇ ಶವದ ಪಾದ ಮುಟ್ಟಿ ಅತ್ತ. ಆಮೇಲೆ ವ್ಯಾನ್ ಎಲ್ಲಿ ನಿಲ್ಲಬೇಕು, ಹೆಂಗಸರು ಯಾವ ಕಡೆ ಕೂರಬೇಕು ಎಂದು ಹೇಳತೊಡಗಿದ. ಜನ ಅವನು ಹೇಳಿದ ಹಾಗೆಯೇ ಕೂತರು.

ವರ್ಕ್‌ಶಾಪಿನ ಹಳಬರು ಗೋಡೆಗೊರಗಿ ಮಾತಾಡಿಕೊಳ್ಳುತ್ತಿದ್ದರು. ಎಂಥ ಶಾಂತ ಮನುಷ್ಯ, ಆ ಹೆಂಡತಿಯ ಜೊತೆ ಇಷ್ಟು ವರ್ಷ ಹೇಗೆ ಕಳೆದನೋ ಎಂದ ವೆಲ್ಡರ್. ಆ ಮನೆಗೆ ಬರಬೇಕಾದ ಮಾತೆಲ್ಲ ಅವಳೊಬ್ಬಳ ಪಾಲಿಗೇ ಹೋಗಿಬಿಟ್ಟಿತ್ತು ಎಂದ ಇನ್ನೊಬ್ಬ. ಇವತ್ತು ಮಾತ್ರ ಮೈಕ್ ಆಫ್ ಆಗಿದೆಯಲ್ಲ ಎಂದು ಮೂರನೆಯವನು ತಗ್ಗಿದ ದನಿಯಲ್ಲಿ ಸೇರಿಸಿದಾಗ, ವೆಲ್ಡರ್ ಅವನ ಮೊಣಕೈ ತಿವಿದ. ಮಗಳು ಟೀ ತಟ್ಟೆ ಹಿಡಿದು ಅವರ ಹಿಂದೆಯೇ ನಿಂತಿದ್ದಳು. ಒಬ್ಬೊಬ್ಬರೂ ಅವಳ ಮುಖ ನೋಡದೆ ಲೋಟ ಎತ್ತಿಕೊಂಡರು.

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಅಮ್ಮ ಬೆಳಗಿನಿಂದ ಮಾತಾಡಿರಲಿಲ್ಲ. ಗ್ಯಾಸಿನ ಒಲೆ ಪಕ್ಕದಲ್ಲೇ ಇದ್ದರೂ ಅವಳು ಹಳೆಯ ಸ್ಟೋವನ್ನೇ ಕಟ್ಟೆಯಿಂದ ನೆಲಕ್ಕಿಳಿಸಿ, ಅದರ ಮೇಲೆ ದೊಡ್ಡ ಪಾತ್ರೆ ಇಟ್ಟು ಬಂದವರಿಗೆಲ್ಲ ಟೀ ಕಾಯಿಸುತ್ತಿದ್ದಳು. ಸ್ಟೋವಿನ ಉರಿ ಆಗಾಗ ಬಿಕ್ಕುತ್ತಿತ್ತು. ಅಪ್ಪ ಆಸ್ಪತ್ರೆ ಸೇರಿದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ.

“ಅಮ್ಮ, ನೀನಾದ್ರೂ ಏನಾದ್ರು ಹೇಳು. ಜನ ಏನೇನೋ ಅಂತಿದಾರೆ.”

“ಏನ್ ಹೇಳ್ಲಿ? ನಂಗೆ ಹೇಳೋರು ಅಲ್ಲಿ ಮಲಗಿದಾರೆ.”

ಮಗಳು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಟೈಲರಮ್ಮನಿಗಾದರೂ ಹೇಳಬೇಕು, ಅಪ್ಪ ಇಲ್ಲವಾದ ಮೇಲೂ ಮುಚ್ಚಿಡುವುದರಲ್ಲಿ ಏನಿದೆ, ಕಚೇರಿಯ ಆ ಸಾಲನ್ನು ಕೇಳಿಸಿಕೊಂಡು ಅವಳು ಮನೆಗೆ ಹೋಗಬೇಕೇ ಎಂದು ಪಿಸುಗುಟ್ಟಿದಳು. ಅಮ್ಮ ಪಾತ್ರೆಯ ಮೇಲಿನ ತಟ್ಟೆ ಸರಿಸಿ ನೋಡಿ ಮತ್ತೆ ಮುಚ್ಚಿದಳು.

“ನಾನು ಅವರಿಗೆ ಮಾತು ಕೊಟ್ಟಿದೀನಿ. ಅದೂ ಹೋಗ್ಲಿ. ನಾನು ಹೇಳಿದ್ರೆ ಅವಳು ನಂಬ್ತಾಳಾ? ಸಮಾಧಾನಕ್ಕೆ ಹೇಳ್ತಿದಾಳೆ ಅಂತಾಳೆ. ನಂಗೇನ್ ಗೊತ್ತು, ಕ್ಲಚ್ ಯಾವ್ದು ಬ್ರೇಕ್ ಯಾವ್ದು. ಗಾಡಿ ಬಲ್ಲವರು ಹೇಳ್ಬೇಕು ಅದನ್ನ.”

“ಗಾಡಿ ಬಲ್ಲವರು ಬಾಯಿ ಬಿಡೋ ಹಾಗಿಲ್ವಲ್ಲ ಅಮ್ಮ.”

“ಮತ್ತೆ ಯಾಕೆ ಸೇರ್ದೆ? ಬೇಡ ಅಂತ ಬಡ್ಕೊಂಡೆ.”

ಈ ಜಗಳ ಅವರಿಬ್ಬರಿಗೂ ಬಾಯಿಪಾಠವಾಗಿತ್ತು. ಮುಂದುವರಿಸುವಷ್ಟರಲ್ಲಿ ಕ್ಯಾಪ್ಟನ್ ತಾರಸಿಯಿಂದ ಇಳಿದು ಬಂದು ಬಾಗಿಲಲ್ಲಿ ನಿಂತ. ಮಗಳು ಎದ್ದಳು. ಕಚೇರಿಯವರು ಫೋನಿನಲ್ಲಿ ಅವನನ್ನು ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೆ ಮೊದಲಿನವರಿಗೆ ದಾಟಿಸಿದ್ದರು. ಕೊನೆಗೆ ಸಿಕ್ಕ ಉತ್ತರ ಇಷ್ಟು: ಓದುವುದಾದರೆ ಪೂರ್ತಿ ಓದಬೇಕು. ಮಗಳು ಓದದಿದ್ದರೆ ಕ್ಯಾಪ್ಟನ್ ಓದಬೇಕು, ಅದೂ ಪೂರ್ತಿ. ಸಾಲು ಬಿಡಬೇಕೆಂದು ಕೇಳಿದ್ದು ಯಾಕೆ ಎಂಬುದಕ್ಕೆ ನಾಳೆ ಉತ್ತರ ಕೊಡಬೇಕು.

“ಅಂದ್ರೆ ಹೇಗಿದ್ರೂ ಓದೇ ಓದ್ತಾರೆ.”

“ಹೇಗಿದ್ರೂ.” ಅವನು ಹಣೆ ಒರೆಸಿಕೊಂಡ. ಅವನಿಗೂ ಹೆಚ್ಚು ವಯಸ್ಸಾಗಿರಲಿಲ್ಲ, ಅವಳಿಗಿಂತ ಸ್ವಲ್ಪ ದೊಡ್ಡವನಿರಬಹುದು. ಆಚೀಚೆ ನೋಡಿ ದನಿ ತಗ್ಗಿಸಿದ. “ಒಂದು ಮಾತು. ಓದೋವಾಗ ಕೆಮ್ಮು ಬಂದ್ರೆ ಅದಕ್ಕೆ ಯಾರ ಒಪ್ಪಿಗೇನೂ ಬೇಕಾಗಿಲ್ಲ. ಕೆಮ್ಮು ಮುಗಿಯೋ ಹೊತ್ತಿಗೆ ಸಾಲು ದಾಟಿ ಹೋಗಿರಬಹುದು.”

ಅವಳು ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಸರಿ ಸರ್ ಎಂದಳು.

*

ಕುಳ್ಳನ ವಿಚಾರಣೆ ಮುಗಿದ ಮೇಲೆ ಅವನ ಹೆಂಡತಿ ಒಂದು ದಿನ ಇವರ ಅಡುಗೆಮನೆಯಲ್ಲಿ ಕೂತು ಅತ್ತಳು. ಆಗ ಅವಳಿನ್ನೂ ಟೈಲರಮ್ಮ ಆಗಿರಲಿಲ್ಲ. ಗಂಡ ಸಾಯುವ ಹಿಂದಿನ ರಾತ್ರಿ ತವರಿಗೆ ಹೋಗುವ ವಿಷಯಕ್ಕೆ ಅವರಿಬ್ಬರಿಗೂ ಜಗಳವಾಗಿತ್ತು. ಬೆಳಗಾಗುವ ತನಕ ಅವಳು ಅವನನ್ನು ಮಲಗಲು ಬಿಟ್ಟಿರಲಿಲ್ಲ. ಕೆಂಪು ಕಣ್ಣಲ್ಲೇ ಅವನು ಡ್ಯೂಟಿಗೆ ಹೋಗಿದ್ದ. ನಾನೇ ಅವರನ್ನ ಕೊಂದೆ ಅಕ್ಕ ಎಂದು ಅವಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಹೇಳಿದ್ದು ಮೇಜಿನ ಕೆಳಗಿದ್ದ ಮಗಳಿಗೂ ಕೇಳಿಸಿತ್ತು.

ಅಪ್ಪ ಬಂದಾಗ ಅಮ್ಮ ಬೆನ್ನು ತಿರುಗಿಸಿ ನಿಂತು ಅದನ್ನೆಲ್ಲ ಗೋಡೆಗೆ ಹೇಳಿದಳು. ಗೋಡೆಗೆ ಅವಳು ಹೇಳಿದ್ದು ಅದೊಂದೇ ಸಲ.

ಅಪ್ಪ ಸ್ಟೋವಿನ ಬರ್ನರ್ ಕೈಯಲ್ಲಿ ಹಿಡಿದು, ಏ ಸ್ಟೋವ್, ಅವನು ನಿದ್ದೆ ಮಾಡಿರಲಿಲ್ಲ ಎಂದ. ಬ್ರೇಕ್ ಪೆಡಲಿನ ಹಿಂದಿನ ಉಕ್ಕಿನ ಸರಳು ಬಗ್ಗಿಹೋಗಿತ್ತು. ಲಾರಿ ಬಿದ್ದ ಪೆಟ್ಟಿಗೆ ಬಗ್ಗಿದ್ದಲ್ಲ, ಆ ಬದಿ ಜಜ್ಜಿರಲೇ ಇಲ್ಲ. ತುಳಿದು ತುಳಿದು ಬಗ್ಗಿದ್ದು. ಪೆಡಲಿನ ರಬ್ಬರಿಗೆ ಬೂಟಿನ ಅಟ್ಟೆಯ ಗೆರೆಗಳು ಅಚ್ಚೊತ್ತಿದ ಹಾಗೆ ಕೂತಿದ್ದವು. ವಿಚಾರಣೆಯವರು ಕೇಳಲಿಲ್ಲ. ತಾನಾಗಿ ಹೇಳಹೋದಾಗ, ಕೇಳಿದ್ದಕ್ಕಷ್ಟೇ ಉತ್ತರ ಎಂದರು. ಸಂಜೆಯೊಳಗೆ ಆ ಸರಳು ಗುಜರಿಗೆ ಹೋಯಿತು.

ಅಮ್ಮ ಚಾಕು ಕೆಳಗಿಟ್ಟಳು. ನಾಳೆ ಇದನ್ನೂ ಪತ್ರಿಕೆಯವರಿಗೆ ಹೇಳುತ್ತೇನೆ, ಅದಕ್ಕಿಂತ ಮೊದಲು ಅವಳಿಗೆ ಹೇಳುತ್ತೇನೆ ಎಂದು ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು.

“ಏ ಸ್ಟೋವ್,” ಎಂದ ಅಪ್ಪ. “ಲೈನಿಂಗ್ ವಿಷಯ ವರ್ಕ್‌ಶಾಪಲ್ಲಿ ಹತ್ತು ಜನಕ್ಕೆ ಗೊತ್ತು. ಈ ಸರಳು ನೋಡಿದ್ದು ನಾನೊಬ್ನೇ. ಇದು ಹೊರಗೆ ಹೋದ್ರೆ ಯಾರ ಬಾಯಿಂದ ಹೋಯ್ತು ಅಂತ ಯಾರೂ ಕೇಳ್ಬೇಕಾಗಿಲ್ಲ. ಮನೆ ಖಾಲಿ ಮಾಡಿಸ್ತಾರೆ. ಜೈಲಿಗೂ ಹಾಕ್ತಾರೆ. ಮಗು ಚಿಕ್ಕದು.”

ಅಮ್ಮ ಕಿಟಕಿಯನ್ನೇ ನೋಡುತ್ತ ಆಯ್ತು ಎಂದಳು. ಯಾರಿಗೆ ಹೇಳಿದಳೋ. ಮರುದಿನದಿಂದ ಅಪ್ಪ ಕುಳ್ಳನ ಮನೆಯ ಮುಂದೆ ಹಾಯುವುದನ್ನು ಬಿಟ್ಟ; ಟೈಲರಮ್ಮ ಅಂಗಡಿ ತೆರೆದ ಮೇಲೆ ರಸ್ತೆಯ ಆಚೆ ಬದಿಯಲ್ಲೇ ನಡೆಯತೊಡಗಿದ. ಮಗಳು ಸೈನ್ಯಕ್ಕೆ ಸೇರುತ್ತೇನೆಂದ ದಿನ ಅವನು ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಸ್ಟೋವ್ ಬಿಚ್ಚಿ ಜೋಡಿಸುವುದನ್ನು ಅವಳಿಗೆ ಕಲಿಸಿದ. ಮೆಸ್ಸಿನಲ್ಲಿ ಗ್ಯಾಸ್ ಇರುತ್ತದೆ ಅಪ್ಪ ಎಂದು ಅವಳು ಸಿಡುಕಿದ್ದಳು.

*

ಅಂಗಳದಲ್ಲಿ ಜನ ತುಂಬಿದ್ದರು. ಪೆಟ್ಟಿಗೆಯ ಮೇಲೆ ಧ್ವಜ ಹೊದಿಸಿ, ಅದರ ಮೇಲೆ ಅಪ್ಪನ ಟೋಪಿ ಇಟ್ಟಿದ್ದರು. ಟೈಲರಮ್ಮ ಮೊದಲ ಸಾಲಿನಲ್ಲಿ ಅಮ್ಮನ ಪಕ್ಕದಲ್ಲೇ ಕೂತಿದ್ದಳು. ಕೊರಳಲ್ಲಿ ಅಳತೆ ಪಟ್ಟಿ ಇನ್ನೂ ಇತ್ತು.

ಮಗಳು ಪೆಟ್ಟಿಗೆಯ ತಲೆಯ ಬಳಿ ನಿಂತು ಹಾಳೆ ಬಿಡಿಸಿದಳು. ಅಪ್ಪ ಸೇರಿದ್ದು, ಕೆಲಸ ಮಾಡಿದ ಜಾಗಗಳು, ದುರಸ್ತಿ ಮಾಡಿದ ವಾಹನಗಳ ಬಗೆಗಳು, ಸಮಯಪಾಲನೆ. ದನಿ ಎಲ್ಲೂ ಏರದೆ ಇಳಿಯದೆ ಹೋಯಿತು. ಆ ಸಾಲು ಹತ್ತಿರ ಬಂತು. ‘ತಮ್ಮ ಸುದೀರ್ಘ ಸೇವೆಯಲ್ಲಿ’ ಎಂಬಲ್ಲಿಗೆ ಅವಳು ಮುಷ್ಟಿಯನ್ನು ಬಾಯಿಗೆ ತಂದು ಕೆಮ್ಮಿದಳು.

ಸುಳ್ಳು ಕೆಮ್ಮು ನಿಜದ ಕೆಮ್ಮನ್ನು ಎಬ್ಬಿಸಿತು. ಅವಳು ಬಾಗಿದಳು, ಕಣ್ಣಲ್ಲಿ ನೀರು ಬಂತು. ಪಾಪ, ಅಪ್ಪನ ಮೇಲೆ ಎಷ್ಟು ಪ್ರೀತಿ ಎಂದು ಹಿಂದಿನಿಂದ ಯಾರೋ ಅಂದರು. ಕ್ಯಾಪ್ಟನ್ ದೂರದಲ್ಲಿ ನಿಂತು, ಮುಂದಿನ ಸಾಲಿಗೆ ಹೋಗು ಎಂಬಂತೆ ಒಂದು ಬೆರಳನ್ನಷ್ಟೇ ಆಡಿಸಿದ.

ಅಷ್ಟರಲ್ಲಿ ಸೋದರಮಾವ ಎದ್ದು ಬಂದ. ಅವಳ ಹೆಗಲ ಮೇಲೆ ಕೈಯಿಟ್ಟು, ಅಳಬೇಡ ಪುಟ್ಟಿ, ನಾನಿದೀನಿ ಎಂದು ಹಾಳೆ ತೆಗೆದುಕೊಂಡ. ಅವಳು ಬಿಡಲಿಲ್ಲ. ಅವನು ಇನ್ನಷ್ಟು ಅಕ್ಕರೆಯಿಂದ, ಬೆರಳು ಬೆರಳಾಗಿ ಬಿಡಿಸಿ ತೆಗೆದುಕೊಂಡ. ಕನ್ನಡಕ ಏರಿಸಿ, ಅವಳು ನಿಲ್ಲಿಸಿದ ಜಾಗವನ್ನು ಬೆರಳಿಟ್ಟು ಹುಡುಕಿದ. ಹಿಂದಿನ ಸಾಲಿನವರಿಗೂ, ಬೀದಿಯಲ್ಲಿ ನಿಂತವರಿಗೂ, ಎದುರು ಮನೆಯ ಬಾಲ್ಕನಿಗೂ ಕೇಳುವಂತೆ ಓದಿದ.

“ತಮ್ಮ ಸುದೀರ್ಘ ಸೇವೆಯಲ್ಲಿ ಇವರು ಒಂದು ದಿನವಾದರೂ ದೂರು ಹೇಳಲು ಬಾಯಿ ತೆರೆದವರಲ್ಲ.”

ನಿಲ್ದಾಣದ ಅಭ್ಯಾಸದಂತೆ ಅದನ್ನೇ ಇನ್ನೊಂದು ಸಲ ಓದಿದ. ವರ್ಕ್‌ಶಾಪಿನ ಹಳಬರು ತಲೆಯಾಡಿಸಿದರು. ಟೈಲರಮ್ಮನೂ ತಲೆಯಾಡಿಸಿದಳು, ಇದು ತನಗೆ ಮೊದಲೇ ಗೊತ್ತಿತ್ತು ಎನ್ನುವವಳ ಹಾಗೆ.

ವ್ಯಾನ್ ಹೊರಟಿತು. ಸ್ಮಶಾನದಲ್ಲಿ ಎಲ್ಲವೂ ಬೇಗ ಬೇಗ ಮುಗಿಯಿತು. ಮಣ್ಣು ಹಾಕುವಾಗ ಸಮವಸ್ತ್ರದಲ್ಲಿದ್ದವರು ಸೆಲ್ಯೂಟ್ ಹೊಡೆದು ನಿಂತರು. ಮಗಳೂ ನಿಂತಳು. ಕೈ ಹಣೆಯ ಬಳಿ ಇದ್ದದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ.

*

ಹಿಂತಿರುಗಿದ ಮೇಲೆ ಮನೆಯಲ್ಲಿ ಉಳಿದದ್ದು ಕೆಲವರೇ. ಮುಂದಿನ ಕೋಣೆಯಲ್ಲಿ ಮಾವ ಯಾರಿಗೋ ವಾಪಸು ಹೋಗುವ ಬಸ್ಸುಗಳ ವಿವರ ಕೊಡುತ್ತಿದ್ದ. ಅಡುಗೆಮನೆಯಲ್ಲಿ ಅಮ್ಮ ನಲ್ಲಿಯ ಕೆಳಗೆ ಲೋಟ ತೊಳೆಯುತ್ತಿದ್ದಳು. ಟೈಲರಮ್ಮ ಚಪ್ಪಲಿ ಹೊರಗೆ ಬಿಟ್ಟು ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಸ್ಟೋವಿನ ಮೇಲಿನ ನೀರು ಇನ್ನೂ ಕುದಿ ಬಂದಿರಲಿಲ್ಲ.

“ಓದಿದ್ದು ಸರಿಯಾಗೇ ಇದೆ ಬಿಡಿ,” ಎಂದಳು ಟೈಲರಮ್ಮ. ದನಿಯಲ್ಲಿ ಕೋಪವಿರಲಿಲ್ಲ, ಆಯಾಸವಿತ್ತು. “ಅಕ್ಕ, ನೀವಾದ್ರೂ ಗೇಟಲ್ಲಿ ನಿಂತು ಕೂಗಿದ್ರಿ. ಆದ್ರೆ ಗಾಡಿ ಬಿಚ್ಚಿದ್ದು ಅವರು. ಒಂದು ಮಾತು ಸಾಕಿತ್ತು ನಂಗೆ. ನಿನ್ನ ಗಂಡ ಮಲಗಿದ್ದ ಅಂತಾದ್ರೂ ಹೇಳ್ಬಹುದಿತ್ತು. ಯಾವುದೋ ಒಂದು.”

ಅಮ್ಮನ ಕೈಯಲ್ಲಿದ್ದ ಲೋಟ ನಿಂತಿತು. ಮಗಳು ಬಾಯಿ ತೆರೆದಳು. ಅದೇ ಹೊತ್ತಿಗೆ ಕ್ಯಾಪ್ಟನ್ ಖಾಲಿ ಲೋಟ ಕೊಡಲು ಬಾಗಿಲಿಗೆ ಬಂದ. ಅವಳು ಬಾಯಿ ಮುಚ್ಚಿದಳು.

ಸ್ಟೋವ್ ಎರಡು ಸಲ ಬಿಕ್ಕಿ, ಹಳದಿ ನಾಲಿಗೆ ಚಾಚಿ, ನಂದಿಹೋಯಿತು.

ಮಗಳು ಟೋಪಿ ತೆಗೆದು ಕಟ್ಟೆಯ ಮೇಲಿಟ್ಟಳು. ಪಾತ್ರೆ ಇಳಿಸಿದಳು. ಸಮವಸ್ತ್ರದ ಪ್ಯಾಂಟು ನೆಲದ ಒದ್ದೆಗೆ ತಾಗುವುದನ್ನು ಲೆಕ್ಕಿಸದೆ ಚಕ್ಕಳಮಕ್ಕಳ ಹಾಕಿ ಕೂತಳು. ಬಟ್ಟೆ ಸುತ್ತಿ ಬರ್ನರ್ ತಿರುಗಿಸಿ ಬಿಚ್ಚಿದಳು. ಪಿನ್ನು ಸ್ಟೋವಿನ ಕಾಲಿಗೆ ದಾರದಲ್ಲಿ ಕಟ್ಟಿತ್ತು, ಅಪ್ಪ ಕಟ್ಟಿದ ಹಾಗೆಯೇ.

“ಏ ಸ್ಟೋವ್,” ಎಂದಳು. “ಕೇಳಿಸ್ಕೋ.”

ಅಮ್ಮ ನಲ್ಲಿ ನಿಲ್ಲಿಸಿದಳು.

“ಯಾರ ಹತ್ರ ಮಾತು?” ಎಂದ ಕ್ಯಾಪ್ಟನ್.

“ಸ್ಟೋವ್ ಹತ್ರ,” ಎಂದಳು ಅಮ್ಮ, ಹಿಂತಿರುಗಿ ನೋಡದೆ. “ಅವರಪ್ಪನಿಂದ ಬಂದಿದ್ದು.”

ಕ್ಯಾಪ್ಟನ್ ಸ್ಟೋವನ್ನು ನೋಡಿದ, ಸ್ಟೂಲಿನ ಮೇಲಿದ್ದವಳನ್ನು ನೋಡಿದ, 'ದೂರು' ಎಂಬ ಪದ ಬರೆದ ತನ್ನ ಕೈಯನ್ನೂ ಒಮ್ಮೆ ನೋಡಿಕೊಂಡ. ಲೋಟವನ್ನು ಸದ್ದಾಗದಂತೆ ಕಟ್ಟೆಯ ಮೇಲಿಟ್ಟ. “ನಂಗೆ ಇನ್ನೊಂದು ಟೀ ಬೇಕಿತ್ತು,” ಎಂದ. “ಅದು ರಿಪೇರಿ ಆಗೋ ತನಕ ಅಲ್ಲಿ ಕೂತಿರ್ತೀನಿ.” ಹೋಗುವಾಗ ಬಾಗಿಲನ್ನು ಎಳೆದುಕೊಂಡ.

ಮಗಳು ಪಿನ್ನನ್ನು ತೂತಿಗೆ ಇಳಿಸಿದಳು. “ಕುಳ್ಳಪ್ಪನ ಲಾರಿ ಬಿಚ್ಚಿದ್ದು ನಮ್ಮಪ್ಪ. ಬ್ರೇಕ್ ಪೆಡಲಿನ ಹಿಂದೆ ಒಂದು ಉಕ್ಕಿನ ಸರಳಿರುತ್ತೆ, ನನ್ನ ಹೆಬ್ಬೆರಳಿನಷ್ಟು ದಪ್ಪ. ಅದು ಬಗ್ಗಿತ್ತು. ಬಿದ್ದ ಪೆಟ್ಟಿಗಲ್ಲ. ತುಳಿದು ಬಗ್ಗಿದ್ದು. ಅಪ್ಪ ಇದನ್ನ ಹೀಗೇ ಹೇಳಿದ್ರು, ನಿಂಗೆ. ನಾನು ಮೇಜಿನ ಕೆಳಗಿದ್ದೆ. ಲೈನಿಂಗ್ ವಿಷಯನೂ ನಿಂಗೇ ಹೇಳಿದ್ದು. ಅಮ್ಮ ಗೇಟಲ್ಲಿ ಕೂಗಿದ್ದೆಲ್ಲ ಅವರು ನಿಂಗೆ ಹೇಳಿದ್ದೇ.”

ಅವಳು ತಲೆಯೆತ್ತಲಿಲ್ಲ, ಎತ್ತುವ ಹಾಗಿರಲಿಲ್ಲ. ಬರ್ನರ್ ಕೂರಿಸಿ ಬಿಗಿದಳು. ಪಂಪು ಒತ್ತತೊಡಗಿದಳು.

“ಕೇಳು ಅದನ್ನ,” ಎಂದಳು ಟೈಲರಮ್ಮ. ದನಿ ಎಲ್ಲೋ ಕೆಳಗಿನಿಂದ ಬಂತು. “ನಿದ್ದೆಗಣ್ಣಲ್ಲಿ ಕಾಲು ಬಿದ್ರೂ ಬಗ್ಗಬಹುದಾ ಅಂತ ಕೇಳು.”

ಮಗಳು ಬೆಂಕಿಕಡ್ಡಿ ಗೀರಿದಳು. ಉರಿ ಮೊದಲು ಹಳದಿಯಾಗಿ ಎದ್ದಿತು, ನಡುಗಿತು, ಆಮೇಲೆ ಮೆಲ್ಲಗೆ ನೀಲಿಗೆ ತಿರುಗಿ ಹಿಸ್ಸೆಂದು ನಿಂತಿತು.

“ಇಲ್ಲ ಸ್ಟೋವ್. ನಾನು ಅದೇ ಥರದ ಲಾರಿ ಓಡಿಸ್ತೀನಿ, ನಂಗೊತ್ತು. ಒಂದು ಕಾಲಿನ ಬಲಕ್ಕೆ ಆ ಸರಳು ಜಗ್ಗೋದೇ ಇಲ್ಲ. ಎರಡೂ ಕಾಲು ಇಡ್ಬೇಕು. ಸ್ಟೀರಿಂಗ್ ಹಿಡ್ಕೊಂಡು, ಸೀಟಿಂದ ಮೇಲೆದ್ದು, ಮೈ ಭಾರ ಎಲ್ಲಾ ಹಾಕಿ, ಕೊನೇ ತನಕ ತುಳೀತಾನೇ ಇರ್ಬೇಕು.”

ಅವಳ ಕಣ್ಣಿನ ಮಟ್ಟಕ್ಕೆ ಕಾಣುತ್ತಿದ್ದದ್ದು ಸ್ಟೋವು, ಅದರಾಚೆ ಟೈಲರಮ್ಮನ ಪಾದಗಳು. ಹೊಲಿಗೆ ಯಂತ್ರ ತುಳಿದು ತುಳಿದು ಹಿಮ್ಮಡಿ ಒಡೆದ ಆ ಎರಡೂ ಬರಿಗಾಲುಗಳು ಒಂದರ ಪಕ್ಕ ಒಂದು ಕೂಡಿಕೊಂಡು ನೆಲವನ್ನು ಒತ್ತುತ್ತಿದ್ದವು. ಬೆರಳುಗಳು ರಕ್ತವಿಳಿದು ಬೆಳ್ಳಗಾಗಿದ್ದವು. ಸ್ಟೂಲು ಮೆಲ್ಲನೆ ಹಿಂದಕ್ಕೆ ಸರಿಯಿತು. ಆದರೂ ಪಾದಗಳು ಒತ್ತುತ್ತಲೇ ಇದ್ದವು.